ಚಿತ್ರದುರ್ಗದ ಬಂಡೆಗಳಿಗೆ ಕತ್ತಲಲ್ಲಿ ಲೈಟ್ ಬಿಡಬೇಡಿ

ಚಿತ್ರದುರ್ಗದ ಸುತ್ತಮುತ್ತಲ ಬಂಡೆಗುಡ್ಡಗಳಲ್ಲಿ ಸೂರ್ಯೋದಯದ ಫೋಟೋ ತೆಗೆಸುತ್ತೇವೆ ಎಂದು ದುಡ್ಡು ತಗೊಂಡು ಗುಂಪು ಕರೆದೊಯ್ಯುವವರಿದ್ದಾರೆ. ಅವರು "ಲೈಟ್ ಪೇಂಟಿಂಗ್ ಕೂಡ ಮಾಡಿಸ್ತೀವಿ" ಅಂದರೆ ದಯವಿಟ್ಟು ಹೋಗಬೇಡಿ. ಹಾಗೆ ಹೋಗಿ, ಹೆಜ್ಜೇನು ಎದ್ದು ನಮ್ಮ ಭಾವನ ಜೀವಕ್ಕೇ ಸಂಚಕಾರ ಬಂದಿತ್ತು.

ಲೈಟ್ ಪೇಂಟಿಂಗ್ ಅಂದರೆ, ಕತ್ತಲಲ್ಲಿ ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಶಟರನ್ನು ಇಪ್ಪತ್ತು ಮೂವತ್ತು ಸೆಕೆಂಡ್ ತೆರೆದು, ಅಷ್ಟು ಹೊತ್ತೂ ಬಂಡೆಯ ಮೇಲೆ ಟಾರ್ಚ್ ಬೆಳಕು ಆಡಿಸುವುದು. ಅಮೆರಿಕದ ಯೂಟಾ, ಅರಿಜೋನಾ ಮರುಭೂಮಿಯ ಬಂಡೆಗಳನ್ನು ಹೀಗೆ ತೆಗೆದ ಫೋಟೋ ನೋಡಿ ನಮಗೂ ಆಸೆಯಾಗುತ್ತದೆ, ಅಲ್ವಾ? ಆದರೆ ಅಲ್ಲಿ ಹೆಜ್ಜೇನು ಇಲ್ಲ. ಅದು ನಮ್ಮ ಏಷ್ಯಾದ ಜೇನು. ನಮ್ಮ ಕಡೆ ಬಂಡೆ ಮುಂದಕ್ಕೆ ಚಾಚಿಕೊಂಡಿರುವ ಕಡೆಯೆಲ್ಲ ಅದು ಗೂಡು ಕಟ್ಟಬಹುದು.

ಅವತ್ತು ಮಾರ್ಚ್ ತಿಂಗಳು. ಸೂರ್ಯ ಹುಟ್ಟುವುದು ಆರೂವರೆ ಆಸುಪಾಸಿಗೆ. ದಾವಣಗೆರೆಯಿಂದ ರಾತ್ರಿಯೇ ಹೊರಟು, ಐದೂಕಾಲಕ್ಕೆಲ್ಲ ಬಂಡೆಯ ಕೆಳಗೆ ನಿಂತಿದ್ದೆವು. ಗುಂಪು ಕರೆತಂದವನು ದೊಡ್ಡ ಸರ್ಚ್‌ಲೈಟ್ ಹಿಡಿದು ಬಂಡೆಯ ನೆತ್ತಿಗೆ ಬಿಟ್ಟ. ಮೇಲೆ ಏನಿದೆ ಎಂದು ಅವನು ಹಗಲಲ್ಲಿ ಒಮ್ಮೆಯೂ ಬಂದು ನೋಡಿರಲಿಲ್ಲ. ಆಮೇಲೆ ಅವನೇ ಒಪ್ಪಿಕೊಂಡ.

ಮೊದಲು ದೂರದಲ್ಲಿ ಮಳೆ ಬಂದಂತೆ ಒಂದು ಸದ್ದು. ನೋಡನೋಡುತ್ತಲೇ ಜೇನು ಮೈಮೇಲಿತ್ತು. ಹೆಜ್ಜೇನು ಬೆಳಕಿನ ಕಡೆಗೇ ಹಾರುತ್ತದೆ. ಭಾವ ಹಣೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡಿದ್ದರು. ಮುಖ, ಕಿವಿ, ಕುತ್ತಿಗೆ, ಎಲ್ಲ ಕಡೆ ಕಚ್ಚಿದವು. ಸರ್ಚ್‌ಲೈಟಿನವನು ಅದನ್ನು ಉರಿಯುತ್ತಿದ್ದ ಹಾಗೇ ಬಿಸಾಕಿ ಜೀಪಿಗೆ ಓಡಿ ಬಾಗಿಲು ಹಾಕಿಕೊಂಡ.

ಕೆಳಗಿನ ಹೊಲದಲ್ಲಿ ಕುರಿ ತರುಬಿದ್ದ ಅಜ್ಜ ಒಬ್ಬರು "ಲೈಟ್ ಆರ್ಸ್ರೀ, ಕೈ ಬೀಸ್ಬ್ಯಾಡ್ರೀ" ಎಂದು ಕೂಗುತ್ತ ಓಡಿ ಬಂದರು. ತಮ್ಮ ಕಂಬಳಿಯನ್ನೇ ಭಾವನ ತಲೆಯ ಮೇಲಿಂದ ಸುತ್ತಿ, ಎಳೆದುಕೊಂಡೇ ರಸ್ತೆಗೆ ಕರೆತಂದರು. ಅವರಿಗೂ ಜೇನು ಕಚ್ಚಿತ್ತು. ಆ ಅಜ್ಜನ ಋಣ ನಾವು ತೀರಿಸಲಾರೆವು.

ಆ ಅಜ್ಜ ಕೈ ಬೀಸಬೇಡಿ ಅಂದಿದ್ದಕ್ಕೆ ಕಾರಣವಿದೆ. ಜೇನು ಕಚ್ಚಿದಾಗ ಮುಳ್ಳಿನ ಜೊತೆ ಒಂದು ವಾಸನೆ ಬಿಡುತ್ತದೆ, ಹಣ್ಣಾದ ಬಾಳೆಹಣ್ಣಿನ ವಾಸನೆ. ಅದರ ಜಾಡು ಹಿಡಿದು ಉಳಿದವೂ ಅಲ್ಲಿಗೇ ಬರುತ್ತವೆ. ನಿಂತು ಹೊಡೆದಾಡಿದಷ್ಟೂ ಜಾಸ್ತಿ ಕಚ್ಚಿಸಿಕೊಳ್ಳುತ್ತೀರಿ. ಲೈಟ್ ಆರಿಸಿ, ಮುಖಕ್ಕೆ ಬಟ್ಟೆ ಸುತ್ತಿ, ದೂರ ಹೋಗುತ್ತಲೇ ಇರಬೇಕು. ಕೆರೆಗೆ ಹಾರಬೇಡಿ, ತಲೆ ಎತ್ತುವ ತನಕ ಅವು ಮೇಲೆಯೇ ಸುತ್ತುತ್ತಿರುತ್ತವೆ. ಪಾರಾದ ತಕ್ಷಣ ಮುಳ್ಳು ಕೀಳಿ. ಉಗುರಲ್ಲೋ ಕಾರ್ಡಲ್ಲೋ, ಹೇಗಾದರೂ ಸರಿ, ಬೇಗ ಕೀಳುವುದೇ ಮುಖ್ಯ. ಮುಳ್ಳಿನ ಜೊತೆಗಿರುವ ಚೀಲ ವಿಷವನ್ನು ಒಳಗೆ ತಳ್ಳುತ್ತಲೇ ಇರುತ್ತದೆ.

ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ತುಂಬಾ ಕಡೆ ಕಚ್ಚಿದ್ದರೆ ಹುಷಾರಾಗಿದ್ದೇನೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಆ ವಿಷದಿಂದ ಆಮೇಲೆ ಕಿಡ್ನಿಗೂ ಪೆಟ್ಟು ಬೀಳಬಹುದು. ಭಾವನನ್ನು ವೈದ್ಯರು ಅಡ್ಮಿಟ್ ಮಾಡಿಕೊಂಡು, ಮತ್ತೆ ಮತ್ತೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ್ದು ಇದಕ್ಕೇ. ಈಗ ಚೇತರಿಸಿಕೊಂಡಿದ್ದಾರೆ. ಆದರೆ ಕ್ಯಾಮೆರಾ ಬ್ಯಾಗ್ ಇನ್ನೂ ಮುಟ್ಟಿಲ್ಲ. ಅದೇ ನನಗೆ ಬೇಜಾರು.

ನಿಜ ಹೇಳಬೇಕೆಂದರೆ ನಮ್ಮ ಬಂಡೆಗಳಿಗೆ ಟಾರ್ಚ್ ಬೇಕಾಗಿಯೇ ಇಲ್ಲ. ಸೂರ್ಯ ಹುಟ್ಟುವ ಮುಂಚಿನ ಇಪ್ಪತ್ತು ನಿಮಿಷದಲ್ಲಿ ಆಕಾಶದ ಬೆಳಕೇ ಸಾಕು. ಟ್ರೈಪಾಡ್ ಇಟ್ಟು ಒಂದೆರಡು ಸೆಕೆಂಡ್ ಶಟರ್ ತೆರೆದರೆ ಬಂಡೆಯ ಬಿರುಕು, ಪಾಚಿಯ ಕಲೆ ಕೂಡ ಚೆನ್ನಾಗಿ ಬರುತ್ತವೆ. ಬಿಸಿಲು ಅಡ್ಡಡ್ಡ ಬಿದ್ದಾಗ ಆ ಬೂದು ಕಲ್ಲು ಕೆಂಪಾಗುವುದನ್ನು ಯಾವ ಲೈಟೂ ಮಾಡಿ ತೋರಿಸಲಾರದು.

ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಜಾಗ ನೋಡಿ. ಬಂಡೆಯ ಸೂರಿನಂಥ ಭಾಗದಲ್ಲಿ ಕಪ್ಪಗೆ ಜೋತುಬಿದ್ದಿರುವುದು ಗೂಡು. ಗೂಡು ಕಾಣದಿದ್ದರೂ ಹಳೇ ಮೇಣದ ಗುರುತಿದ್ದರೆ ಆ ಬಂಡೆ ಬಿಟ್ಟುಬಿಡಿ. ಹೆಜ್ಜೇನು ಕಾಲ ಕಾಲಕ್ಕೆ ಜಾಗ ಬಿಟ್ಟು ಹೋಗಿ, ಮತ್ತೆ ಅದೇ ಬಂಡೆಗೆ ಬರುತ್ತದೆ. ಅಂಥ ಕಡೆ ಡ್ರೋನ್, ಬೀಡಿ, ಬೆಂಕಿ ಯಾವುದೂ ಬೇಡ. ಸುತ್ತಲ ಕುರಿಗಾಹಿಗಳನ್ನು ಕೇಳಿ. ಯಾವ ಬಂಡೆಯಲ್ಲಿ ಜೇನಿದೆ ಎಂದು ಅವರಿಗೆ ಗೊತ್ತಿರುತ್ತದೆ.

ಕರೆದೊಯ್ದವನು ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಆಸ್ಪತ್ರೆಗೂ ಬರಲಿಲ್ಲ. ಹೊಸ ಗುಂಪುಗಳನ್ನು ಕರೆದೊಯ್ಯುತ್ತಲೇ ಇದ್ದಾನೆ. ನೀವು ಯಾರ ಜೊತೆ ಹೋಗುವುದಿದ್ದರೂ ದುಡ್ಡು ಕೊಡುವ ಮೊದಲು ಕೇಳಿ: ಆ ಬಂಡೆಯನ್ನು ಹಗಲಲ್ಲಿ ಯಾವಾಗ ನೋಡಿ ಬಂದಿರಿ? ಗೂಡು ಎಲ್ಲೆಲ್ಲಿದೆ? ಉತ್ತರ ಬರದಿದ್ದರೆ ಫೋನ್ ಇಟ್ಟುಬಿಡಿ.