ಬೀಚ್ ರಿಸಾರ್ಟ್: ನಕ್ಷತ್ರ ಎಣಿಸುವ ಮುಂಚೆ ತುಕ್ಕು ನೋಡಿ

ಕಡಲ ದಂಡೆಯ ಹೋಟೆಲು ಊರೊಳಗಿನ ಹೋಟೆಲಿಗಿಂತ ಬಲುಬೇಗ ಮುದಿಯಾಗುತ್ತದೆ. ಅಲೆ ಒಡೆದಾಗ ಏಳುವ ಉಪ್ಪಿನ ತುಂತುರು ಗಾಳಿಗೆ ಸೇರಿ ಬಾಗಿಲ ಕೀಲು, ಬಾಲ್ಕನಿಯ ಕಂಬಿ, ಎಸಿಯ ಔಟ್‌ಡೋರ್ ಯೂನಿಟ್, ದೀಪದ ಹೋಲ್ಡರ್ ಎಲ್ಲದರ ಮೇಲೂ ದಿನಾ ಕೂರುತ್ತದೆ. ತೊಳೆದು, ಬಣ್ಣ ಹಚ್ಚಿ, ಕೆಟ್ಟದ್ದನ್ನು ಆಗಿಂದಾಗ ಬದಲಿಸುವ ರಿಸಾರ್ಟು ಹಳೆಯದಾದರೂ ಲಕ್ಷಣವಾಗಿರುತ್ತದೆ. ಆ ಕೆಲಸದಲ್ಲಿ ಕೈ ಬಿಗಿ ಹಿಡಿದದ್ದು ಎಷ್ಟೇ ಹೊಸದಾಗಿದ್ದರೂ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ನಕ್ಷತ್ರಗಳು ಇದನ್ನು ಹೇಳುವುದಿಲ್ಲ. ಈಜುಕೊಳ ಇದೆಯೇ, ಲಿಫ್ಟ್ ಇದೆಯೇ, ಕೋಣೆ ಎಷ್ಟು ದೊಡ್ಡದು, ರಿಸೆಪ್ಷನ್ನಿನಲ್ಲಿ ರಾತ್ರಿಯಿಡೀ ಜನ ಇರುತ್ತಾರೆಯೇ ಎಂಬ ಸೌಲಭ್ಯಗಳ ಪಟ್ಟಿಗೇ ನಕ್ಷತ್ರ ಕೊಡುವಾಗ ಹೆಚ್ಚಿನ ತೂಕ.

ಹಾಗಾಗಿ ಬುಕಿಂಗ್‌ಗೆ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಕೋಣೆಗಳ ನವೀಕರಣ ಕೊನೆಯ ಸಲ ಯಾವ ವರ್ಷ ಆಯಿತು ಎಂಬುದು. ಲಾಬಿಯದ್ದೋ ಕೊಳದ್ದೋ ಬೇಡ, ಕೋಣೆಗಳದ್ದೇ ಬೇಕು. ಒಂದೇ ರಿಸಾರ್ಟಿನಲ್ಲಿ ಒಂದು ಬ್ಲಾಕ್ ಹೊಸದಾಗಿ, ಪಕ್ಕದ್ದು ಹಾಗೇ ಉಳಿದಿರುವುದು ಸಾಮಾನ್ಯ, ಎರಡಕ್ಕೂ ದರ ಒಂದೇ. ಆಮೇಲೆ ಅತಿಥಿಗಳು ಹಾಕಿದ ಫೋಟೊಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ, ಬಚ್ಚಲುಮನೆಯ ಮೂಲೆ, ಎಸಿಯ ಜಾಲರಿ, ಬಾಲ್ಕನಿಯ ಕಂಬಿ ಬುಡ ಕಾಣುವಂಥವನ್ನು ಹುಡುಕಿ. ಸೂರ್ಯಾಸ್ತದ ಫೋಟೊಗಳನ್ನು ಬಿಟ್ಟುಬಿಡಿ, ಸೂರ್ಯ ಎಲ್ಲ ರಿಸಾರ್ಟಿನವರಿಗೂ ಒಬ್ಬನೇ.

ಕೋಣೆಗೆ ಕಾಲಿಟ್ಟ ಮೇಲಿನ ಹತ್ತು ನಿಮಿಷ ಇಡೀ ವಾಸದಲ್ಲೇ ಮುಖ್ಯವಾದದ್ದು. ಪೆಟ್ಟಿಗೆ ಬಿಚ್ಚುವ ಮುಂಚೆ ನೋಡಿದರೆ ಕೋಣೆ ಬದಲಿಸಿಕೊಳ್ಳುವುದು ಸುಲಭ, ಬಟ್ಟೆ ಹರವಿದ ಮೇಲೆ ನಮಗೇ ಸೋಮಾರಿತನ ಬರುತ್ತದೆ. ಮೊದಲು ಮೂಗು. ಮುಗ್ಗಲು ವಾಸನೆ ಬಂದರೆ ಕಪಾಟಿನೊಳಗೆ, ಪರದೆಯ ಹಿಂಬದಿ, ಬಚ್ಚಲುಮನೆಯ ಚಾವಣಿ ಮೂಲೆಯಲ್ಲಿ ಬೂಷ್ಟು ಇದೆಯೇ ನೋಡಿ. ಕಡಲ ಬದಿಯ ಗಾಳಿಯಲ್ಲಿ ತೇವ ಜಾಸ್ತಿ. ಕೀ ಕಾರ್ಡ್ ತೆಗೆದು ಹೊರಗೆ ಹೋದರೆ ಎಸಿ ನಿಲ್ಲುತ್ತದೆ, ಬಿಸಿ ತೇವದ ಗಾಳಿ ಒಳಗೆ ನುಗ್ಗುತ್ತದೆ, ತಣ್ಣಗಿದ್ದ ಗೋಡೆ ಹಾಸಿಗೆಗಳ ಮೇಲೆ ನೀರಾಗಿ ಕೂರುತ್ತದೆ. ಅತಿಥಿಗಳೂ ಇದಕ್ಕೆ ಕೈ ಜೋಡಿಸುತ್ತಾರೆ: ಎಸಿಯನ್ನು 18ಕ್ಕೆ ಇಟ್ಟು ಬಾಲ್ಕನಿ ಬಾಗಿಲು ತೆರೆದರೆ ನೆಲ ಬೆವರುತ್ತದೆ, ಟೈಲ್ಸ್ ಮೇಲೆ ಜನ ಜಾರಿ ಬೀಳುತ್ತಾರೆ. 24ರ ಆಸುಪಾಸು ಇಟ್ಟು ಬಾಗಿಲು ಮುಚ್ಚಿದರೆ ಕೋಣೆ ಒಣಗಿಯೂ ಇರುತ್ತದೆ, ನಿದ್ದೆಯೂ ಬರುತ್ತದೆ.

ಎಸಿ ತಾನಾಗಿ ನಿಂತರೆ ಕೆಟ್ಟಿತೆಂದು ಫೋನ್ ಎತ್ತುವ ಮುಂಚೆ ಬಾಲ್ಕನಿ ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಿ. ಹಲವು ಕಡೆ ಬಾಗಿಲಿಗೆ ಸೆನ್ಸರ್ ಇರುತ್ತದೆ, ಒಂದು ಬೆರಳಷ್ಟು ಸಂದಿ ಬಿಟ್ಟರೂ ಎಸಿ ಕಟ್. ಬಾಗಿಲು ಮುಚ್ಚಿದ್ದೂ ಅರ್ಧ ಗಂಟೆ ಓಡಿದ ಮೇಲೆ ತಂಪಾಗದಿದ್ದರೆ ಅದು ಬೇರೆ ರೋಗ. ಔಟ್‌ಡೋರ್ ಯೂನಿಟ್ಟಿನ ಅಲ್ಯೂಮಿನಿಯಂ ಫಿನ್‌ಗಳನ್ನು ಉಪ್ಪು ತಿಂದಿದ್ದರೆ ಶಾಖ ಹೊರಗೆ ಹೋಗುವುದಿಲ್ಲ. ಗ್ಯಾಸ್ ತುಂಬಿಸಿದರೂ ಅದು ಸರಿಹೋಗದು, ಬೇರೆ ಕೋಣೆ ಕೇಳುವುದೇ ದಾರಿ.

ಬಚ್ಚಲುಮನೆಯಲ್ಲಿ ನಲ್ಲಿ ಮತ್ತು ಷವರ್ ಎರಡನ್ನೂ ಒಂದೆರಡು ನಿಮಿಷ ಬಿಟ್ಟು ಹೊರಗೆ ಬನ್ನಿ. ಬಿಸಿನೀರು ಬರುತ್ತದೆಯೇ, ಮೋರಿ ಕಟ್ಟಿದೆಯೇ ಎಂಬುದು ತಿಳಿಯುತ್ತದೆ. ಇನ್ನೊಂದು ಕಾರಣವೂ ಇದೆ: ಸೀಸನ್ ಅಲ್ಲದ ಕಾಲದಲ್ಲಿ ಖಾಲಿ ಬಿದ್ದ ಕೋಣೆಯ ಪೈಪಿನಲ್ಲಿ ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ನ್ಯುಮೋನಿಯಾ ತರುವ ಲೀಜಿಯನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು, ಷವರಿನ ಹನಿಯೊಡನೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಗುಂಟ ಕಪ್ಪು ಚುಕ್ಕೆ ಇದೆಯೇ ನೋಡಿ, ಅದು ತಿಗಣೆಯ ಗುರುತು. ಅಲ್ಲಿಯವರೆಗೆ ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಡದೆ ಸ್ಟ್ಯಾಂಡಿನ ಮೇಲಿಡಿ. ಲಾಕರಿಗೆ ನಿಮ್ಮದೇ ಸಂಖ್ಯೆ ಹಾಕಿ ಮುಚ್ಚಿ, ಆಮೇಲೆ ಆರು ಸೊನ್ನೆ ಒತ್ತಿ, 123456 ಒತ್ತಿ. ತೆರೆದುಕೊಂಡರೆ ಕಾರ್ಖಾನೆಯಿಂದ ಬಂದ ಮಾಸ್ಟರ್ ಕೋಡ್ ಬದಲಿಸಿಲ್ಲ ಎಂದರ್ಥ, ಒಳಗೆ ಪಾಸ್‌ಪೋರ್ಟ್ ಇಡಬೇಡಿ. ಕೊನೆಗೆ ಬಾಲ್ಕನಿಯ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ. ಬುಡದಲ್ಲಿ ಕಂದು ನೀರಿನ ಗೆರೆ ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಚಿಕ್ಕ ಮಕ್ಕಳಿದ್ದರೆ ಕುರ್ಚಿ ಮೇಜುಗಳನ್ನು ಕಂಬಿಯಿಂದ ದೂರ ಎಳೆದಿಡಿ.

ಇನ್ನು ಕೋಣೆಯ ಹೆಸರುಗಳು. ‘ಸೀ ಫ್ರಂಟ್’ ಅಂದರೆ ಎದುರಿಗೇ ಕಡಲು. ‘ಸೀ ವ್ಯೂ’ ಅಂದರೆ ಎಲ್ಲಿಂದಲೋ ಕಡಲು ಕಾಣುತ್ತದೆ. ‘ಪಾರ್ಶಿಯಲ್ ಸೀ ವ್ಯೂ’ ಅಂದರೆ ಬಾಲ್ಕನಿಯ ಒಂದು ತುದಿಗೆ ಹೋಗಿ ಕತ್ತು ಚಾಚಬೇಕು. ದಿನವಿಡೀ ಹೊರಗೇ ಇರುವವರಿಗೆ ನೋಟಕ್ಕಾಗಿ ಕೊಡುವ ಹೆಚ್ಚಿನ ದುಡ್ಡು ದಂಡ. ತೋಟದ ಕಡೆಯ, ಎರಡನೆಯ ಅಥವಾ ಮೂರನೆಯ ಮಹಡಿಯ ಕೋಣೆಯೇ ನಮ್ಮ ಆಯ್ಕೆ; ಉಪ್ಪಿನ ಗಾಳಿ ನೇರ ಹೊಡೆಯದ ಕಾರಣ ಅದು ಸಾಮಾನ್ಯವಾಗಿ ಕಡಲೆದುರಿನದಕ್ಕಿಂತ ಗಟ್ಟಿಮುಟ್ಟಾಗಿಯೂ ಇರುತ್ತದೆ. ನೆಲಮಹಡಿಗೆ ಮರಳು, ಇರುವೆ, ಹಾದುಹೋಗುವವರ ಕಣ್ಣು. ಕೊನೆಯ ಮಹಡಿಗೆ ತಾರಸಿಯ ಕಾವು. ಪಶ್ಚಿಮಕ್ಕೆ ಮುಖವಾದ ಕೋಣೆ ಸಂಜೆ ಚೆಂದ, ಆದರೆ ಮಧ್ಯಾಹ್ನ ಮೂರರಿಂದ ಒಲೆ. ಬರುವ ಎರಡು ಮೂರು ದಿನ ಮುಂಚೆ ಇಮೇಲ್ ಬರೆದು ಜನರೇಟರ್, ಲಿಫ್ಟ್, ಅಡುಗೆಮನೆಯ ಎಕ್ಸಾಸ್ಟ್, ಸಂಗೀತದ ವೇದಿಕೆ ಈ ನಾಲ್ಕರಿಂದ ದೂರದ ಕೋಣೆ ಬೇಕೆಂದು ಕೇಳಿ. ಕೋಣೆಗಳ ಹಂಚಿಕೆ ಬಹಳ ಕಡೆ ಹಿಂದಿನ ದಿನವೇ ಮುಗಿದಿರುತ್ತದೆ, ಬಂದಿಳಿದ ಮೇಲೆ ಕೇಳಿದರೆ ಉಳಿದದ್ದು ಸಿಗುತ್ತದೆ.

ಕೋಣೆಗಿಂತ ದೊಡ್ಡ ಮೋಸ ಹೋಗುವುದು ಕಡಲ ವಿಚಾರದಲ್ಲಿ. ಜಾಹೀರಾತಿನ ಫೋಟೊ ಉಬ್ಬರದ ಹೊತ್ತಿನದು. ಇಳಿತದಲ್ಲಿ ಅದೇ ಜಾಗ ಕೆಸರೋ ಬಂಡೆಯೋ ಆಗಿರಬಹುದು. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಸುತ್ತ ಉಬ್ಬರವೂ ಇಳಿತವೂ ಎರಡೂ ಜಾಸ್ತಿ. ರಜೆಯ ದಿನಗಳ ಉಬ್ಬರ ಇಳಿತದ ಪಟ್ಟಿಯನ್ನು ಮೊದಲೇ ನೋಡಿಟ್ಟರೆ ಯಾವ ಹೊತ್ತಿಗೆ ಈಜು, ಯಾವ ಹೊತ್ತಿಗೆ ಮರಳಿನ ಮೇಲೆ ನಡಿಗೆ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಉಪಗ್ರಹ ನಕ್ಷೆಯಲ್ಲೂ ಒಮ್ಮೆ ಇಣುಕಿ. ದಡದಿಂದ ದೂರದಲ್ಲಿ ಉದ್ದಕ್ಕೂ ಬಿಳಿ ನೊರೆಯ ಗೆರೆ ಇದ್ದರೆ ಅಲ್ಲಿ ಹವಳದ ದಿಬ್ಬವೋ ಬಂಡೆಸಾಲೋ ಇದೆ. ಒಳಗಿನ ನೀರು ಶಾಂತ, ಆದರೆ ಕಾಲಿಗೆ ಈಜು ಚಪ್ಪಲಿ ಬೇಕು. ಪಕ್ಕದಲ್ಲೇ ನದಿ ಕಡಲು ಸೇರುತ್ತಿದ್ದರೆ ಮಳೆ ಬಿದ್ದ ಮರುದಿನ ನೀರು ರಾಡಿ.

ದರ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದಿದ್ದರೆ ಬಹಳ ಸಲ ಕಾರಣ ಕಡಲಲ್ಲೇ ಇರುತ್ತದೆ. ಗಾಳಿ ಕಡಲಿಂದ ದಡಕ್ಕೆ ಬೀಸುವ ಮಳೆಗಾಲದಲ್ಲಿ ರಿಸಾರ್ಟು ತೆರೆದೇ ಇರುತ್ತದೆ, ನೀರಿಗಿಳಿಯಲು ಮಾತ್ರ ಬಿಡುವುದಿಲ್ಲ. ಕೆರಿಬಿಯನ್ ತೀರಗಳಿಗೆ 2011ರಿಂದ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ಬರತೊಡಗಿದೆ. ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹೊರಬಂದು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಎಷ್ಟು ಬಾಚಿದರೂ ಮರುದಿನ ಮತ್ತೆ ಅಷ್ಟೇ. ಆ ಕಡೆ ಹೋಗುವವರು ಹಿಂದಿನ ವರ್ಷ ಅದೇ ತಿಂಗಳಲ್ಲಿ ಅತಿಥಿಗಳು ಹಾಕಿದ ಫೋಟೊ ನೋಡಿಯೇ ದುಡ್ಡು ಕಟ್ಟಬೇಕು.

ಲೈಫ್‌ಗಾರ್ಡ್ ಇದ್ದಾರೆಯೇ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಕೇಳಿ. ‘ಇದ್ದಾರೆ’ ಅಂದವರು ಬಹಳ ಸಲ ಈಜುಕೊಳದ ಕಾವಲಿನವರ ಬಗ್ಗೆ ಹೇಳುತ್ತಿರುತ್ತಾರೆ. ಬಾವುಟಗಳ ಬಣ್ಣ ಹಲವು ದೇಶಗಳಲ್ಲಿ ಒಂದೇ: ಮೇಲರ್ಧ ಕೆಂಪು ಕೆಳಗರ್ಧ ಹಳದಿಯ ಎರಡು ಬಾವುಟಗಳ ನಡುವೆ ಈಜಬಹುದು, ಅಲ್ಲಿ ಕಾವಲಿದೆ. ಹಳದಿ ಒಂದೇ ಇದ್ದರೆ ಎಚ್ಚರ, ಕೆಂಪಾದರೆ ಅಪಾಯ, ಎರಡು ಕೆಂಪಾದರೆ ನೀರಿಗೆ ಪ್ರವೇಶವೇ ಇಲ್ಲ. ನೇರಳೆ ಅಂದರೆ ಜೆಲ್ಲಿಫಿಶ್‌ನಂಥ ಕುಟುಕುವ ಜೀವಿಗಳು. ಬಾವುಟವಿಲ್ಲದ ದಡದಲ್ಲಿ ಕಣ್ಣೇ ಕಾವಲು. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ, ಗಾಢವಾಗಿ, ಸುಮ್ಮನಿದ್ದರೆ ಅದೇ ರಿಪ್ ಕರೆಂಟ್, ದಡಕ್ಕೆ ಬಂದ ನೀರು ವಾಪಸ್ ಓಡುವ ದಾರಿ. ಈಜು ಬಾರದವರಿಗೆ ಅದೇ ಸುರಕ್ಷಿತ ಜಾಗದಂತೆ ಕಾಣುವುದು ದುರಂತ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ಮೊದಲು ತೇಲಬೇಕು, ಕೈ ಎತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು.

ಬ್ಲೂ ಫ್ಲ್ಯಾಗ್ ಎಂಬ ಪ್ರಮಾಣಪತ್ರವನ್ನು ರಿಸಾರ್ಟಿನವರು ದೊಡ್ಡದಾಗಿ ಹಾಕಿಕೊಳ್ಳುತ್ತಾರೆ. 1985ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಈ ಗುರುತು ದಡದ್ದು: ನೀರಿನ ಗುಣಮಟ್ಟ, ಸುರಕ್ಷತೆ, ಸ್ವಚ್ಛತೆಗೆ ಕೊಡುವಂಥದ್ದು. ಅದು ಒಂದು ಸೀಸನ್ನಿಗೆ ಮಾತ್ರ, ಆದ್ದರಿಂದ ಯಾವ ವರ್ಷದ್ದು ಎಂದು ನೋಡಿ. ಕೋಣೆಯ ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಈಜುಕೊಳದ ವಿಷಯದಲ್ಲಿ ಜನರ ನಂಬಿಕೆ ತಲೆಕೆಳಗು. ‘ಕ್ಲೋರಿನ್ ವಾಸನೆ ಗಮ್ಮೆನ್ನುತ್ತಿದೆ, ಚೆನ್ನಾಗಿ ತೊಳೆದಿದ್ದಾರೆ’ ಅನ್ನುತ್ತಾರೆ. ಆ ಘಾಟು ಕ್ಲೋರಮೀನ್‌ನದ್ದು, ಬೆವರು ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಆಗುವಂಥದ್ದು. ಕಣ್ಣು ಉರಿಸುವುದೂ ಅದೇ. ಬಳಕೆಗೆ ಸಿಗುವ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು), ನೀರಿನ ಆಮ್ಲೀಯತೆ ತೋರಿಸುವ ಪಿಎಚ್ 7.2ರಿಂದ 7.8 ಇದ್ದರೆ ಕೊಳದಿಂದ ಹೆಚ್ಚು ವಾಸನೆ ಬರುವುದಿಲ್ಲ. ಅಳತೆ ಬರೆದ ಪಟ್ಟಿಯನ್ನು ಕೊಳದ ಬಳಿ ತೂಗುಹಾಕುವ ರಿಸಾರ್ಟಿಗೆ ಒಂದು ಅಂಕ ಹೆಚ್ಚು ಕೊಡಬಹುದು. ಆಳದ ಕಡೆಯ ತಳದ ಜಾಲರಿ ಮೇಲಿಂದ ಸ್ಪಷ್ಟವಾಗಿ ಕಾಣದಿದ್ದರೆ ನೀರಿಗಿಳಿಯಬೇಡಿ. ಛತ್ರಿಯ ಕೆಳಗೆ ಮಲಗಿದರೂ ಚರ್ಮ ಸುಡುತ್ತದೆ: ಒಣ ಮರಳು ಸುಮಾರು ಶೇ 15, ಕಡಲ ನೊರೆ ಸುಮಾರು ಶೇ 25ರಷ್ಟು ಅತಿನೇರಳೆ ಕಿರಣವನ್ನು ತಿರುಗಿ ಎಸೆಯುತ್ತವೆ. ಸನ್‌ಸ್ಕ್ರೀನ್ ಕೊಳ್ಳುವಾಗ ಹೋಗುವ ಜಾಗದ ಕಾನೂನು ನೋಡಿ. ಹವಳಕ್ಕೆ ಹಾನಿಯೆಂದು ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2020ರಿಂದ, ಹವಾಯಿ 2021ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟ ನಿಲ್ಲಿಸಿವೆ.

ಊಟದ ಪ್ಲಾನುಗಳಲ್ಲಿ ‘ಆಲ್ ಇನ್‌ಕ್ಲೂಸಿವ್’ (ಊಟ, ಪಾನೀಯ ಎಲ್ಲ ಒಂದೇ ದರದಲ್ಲಿ) ಅನ್ನುವುದನ್ನು ಜನಪ್ರಿಯ ಮಾಡಿದ್ದು ಫ್ರಾನ್ಸಿನ ರಜಾ ಪ್ರವಾಸದ ಕಂಪನಿ ಕ್ಲಬ್ ಮೆಡ್, 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆಗಳ ಹಳ್ಳಿ ಕಟ್ಟಿ. ಇವತ್ತು ಆ ಹೆಸರಿನ ಕೆಳಗೆ ಏನು ಬೇಕಾದರೂ ಇರಬಹುದು. ಆಮದು ಮದ್ಯ, ಮಿನಿಬಾರ್, ರೂಮ್ ಸರ್ವಿಸ್, ಬಫೆ ಅಲ್ಲದ ರೆಸ್ಟೊರೆಂಟ್‌ಗಳು, ಮೋಟಾರ್ ಇರುವ ಜಲಕ್ರೀಡೆ: ಈ ಐದು ಒಳಗೋ ಹೊರಗೋ ಎಂದು ಬರಹದಲ್ಲಿ ಕೇಳಿ. ಹಾಫ್ ಬೋರ್ಡ್‌ನಲ್ಲಿ (ಬೆಳಗಿನ ತಿಂಡಿ, ರಾತ್ರಿ ಊಟ ಮಾತ್ರ ಸೇರಿದ ಪ್ಲಾನು) ರಾತ್ರಿ ಊಟದ ಜೊತೆಯ ಕುಡಿಯುವ ನೀರಿಗೂ ಬಿಲ್ ಬರುವುದುಂಟು. ನಡೆದು ಹೋಗುವಷ್ಟು ದೂರದಲ್ಲಿ ಬೇರೆ ತಿನ್ನುವ ಜಾಗವಿದ್ದರೆ ಬೆಳಗಿನ ತಿಂಡಿ ಮಾತ್ರ ಸಾಕು. ಇಲ್ಲದಿದ್ದರೆ ಮಾತ್ರ ಆಲ್ ಇನ್‌ಕ್ಲೂಸಿವ್ ತೆಗೆದುಕೊಳ್ಳಿ.

ಬಫೆಯಲ್ಲಿ ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಥರ್ಮಾಮೀಟರ್ ಬೇಡ, ಮುಚ್ಚಳ ತೆಗೆದಾಗ ಹಬೆ ಏಳದ ಅನ್ನ, ಐಸ್ ಕರಗಿ ನೀರಲ್ಲಿ ತೇಲುವ ಸೀಗಡಿ ಕಂಡರೆ ಮುಂದೆ ನಡೆಯಿರಿ. ಹಳೆಯ ಪಾತ್ರೆಯಲ್ಲಿ ಉಳಿದದ್ದರ ಮೇಲೇ ಹೊಸದನ್ನು ಸುರಿಯುತ್ತಾರೋ, ಪಾತ್ರೆಯನ್ನೇ ಬದಲಿಸುತ್ತಾರೋ ಎಂಬುದರಲ್ಲಿ ಅಡುಗೆಮನೆಯ ಶಿಸ್ತು ಗೊತ್ತಾಗುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಹೋಗುವುದು, ಎದುರಲ್ಲೇ ಮಾಡಿಕೊಡುವ ಕೌಂಟರ್ ಹಿಡಿಯುವುದು, ಎರಡೂ ಕ್ಷೇಮ.

ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ, ಚೆಕ್ ಔಟ್ 11 ಅಥವಾ 12ಕ್ಕೆ. ಈಜುಡುಗೆ, ಚಪ್ಪಲಿ, ಸನ್‌ಸ್ಕ್ರೀನ್ ಕೈಚೀಲದಲ್ಲೇ ಇದ್ದರೆ ಸಾಮಾನು ರಿಸೆಪ್ಷನ್ನಿನಲ್ಲಿ ಬಿಟ್ಟು ಮೊದಲ ದಿನದ ಅರ್ಧವನ್ನು ಉಳಿಸಬಹುದು. ಕೊನೆಯ ದಿನ ವಿಮಾನ ರಾತ್ರಿಯಿದ್ದರೆ ಸ್ನಾನಕ್ಕೆ ಕೊಡುವ ‘ಕರ್ಟಸಿ ರೂಮ್’ ಕೇಳಿ, ಕೇಳಿದವರಿಗಷ್ಟೇ ಹೇಳುತ್ತಾರೆ. ಠೇವಣಿಗೆಂದು ಕಾರ್ಡ್ ಉಜ್ಜುವಾಗ ಡೆಬಿಟ್ ಕಾರ್ಡ್ ಕೊಡಬೇಡಿ. ತಡೆಹಿಡಿದ ಮೊತ್ತ ಚೆಕ್ ಔಟ್ ಆದ ಮೇಲೂ ಹಲವು ದಿನ ನಿಮ್ಮ ಖಾತೆಗೆ ವಾಪಸಾಗದೆ ಉಳಿಯಬಹುದು. ಉಚಿತ ರದ್ದತಿಯ ಗಡುವು ಬಹುಮಟ್ಟಿಗೆ ಹೋಟೆಲ್ ಇರುವ ಜಾಗದ ಗಡಿಯಾರದ್ದು. ರಿಸಾರ್ಟ್ ಶುಲ್ಕ, ತೆರಿಗೆಗಳು ಪರದೆಯ ಮೇಲಿನ ದರದಲ್ಲಿ ಸೇರಿವೆಯೇ ಎಂಬುದನ್ನು ಕೊನೆಯ ಪುಟದವರೆಗೆ ಹೋಗಿ ನೋಡಿ.

ದೂರು ಇದ್ದರೆ ಮೊದಲ ರಾತ್ರಿಯೇ, ಫೋಟೊ ತೆಗೆದಿಟ್ಟುಕೊಂಡು, ನೇರವಾಗಿ ಡ್ಯೂಟಿ ಮ್ಯಾನೇಜರ್ ಹತ್ತಿರ ಹೇಳಿ. ರಿಸೆಪ್ಷನ್ನಿನವರಿಗೆ ಕೋಣೆ ಬದಲಿಸುವ ಅಧಿಕಾರ ಬಹಳ ಕಡೆ ಇರುವುದಿಲ್ಲ. ‘ನಾಳೆ ರಿಪೇರಿ ಮಾಡಿಸುತ್ತೇವೆ’ ಅಂದರೆ ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಳ್ಳಿ. ಅಷ್ಟು ಹೊತ್ತಿಗೆ ಆಗದಿದ್ದರೆ ಬೇರೆ ಕೋಣೆ ಎಂಬ ಮಾತನ್ನೂ ಆಗಲೇ ಪಡೆಯಿರಿ. ಹಣ್ಣಿನ ಬುಟ್ಟಿಯೋ ಸ್ಪಾ ಕೂಪನ್ನೋ ಕೈಗಿಟ್ಟರೆ ತೆಗೆದುಕೊಳ್ಳಿ, ಆದರೆ ಕೋಣೆಯ ಬೇಡಿಕೆ ಬಿಡಬೇಡಿ.