ಗ್ರೋಮೆಟ್ಟೋ, ಅಡೆನಾಯ್ಡ್ ಆಪರೇಷನ್ನೋ?

ಟಿವಿ ಸೌಂಡ್ ಜಾಸ್ತಿ ಮಾಡುವ, ಹಿಂದಿನಿಂದ ಕರೆದರೆ ತಿರುಗದ ಮಗುವಿಗೆ ‘ಕಿವಿಯೊಳಗೆ ನೀರು ತುಂಬಿದೆ’ ಎಂದು ಡಾಕ್ಟರ್ ಹೇಳಿದರೆ ಮೊದಲ ಆಯ್ಕೆ ಆಪರೇಷನ್ ಅಲ್ಲ, ಕಾಯುವುದು. ಬಹಳಷ್ಟು ಮಕ್ಕಳಲ್ಲಿ 3 ತಿಂಗಳೊಳಗೆ ಅದು ತಾನಾಗಿಯೇ ಇಳಿಯುತ್ತದೆ. ಆ್ಯಂಟಿಬಯಾಟಿಕ್, ಶೀತದ ಸಿರಪ್ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಇಳಿಯದೆ, ಕೇಳಿಸುವುದೂ ಕಡಿಮೆಯಾದರೆ ಗ್ರೋಮೆಟ್: ಕಿವಿ ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ. ಕೇಳಿಸುವುದು ಬೇಗ ಸುಧಾರಿಸುತ್ತದೆ. ಆದರೆ ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ತಾನೇ ಉದುರುತ್ತದೆ, ಆಮೇಲೆ ನೀರು ಮತ್ತೆ ತುಂಬಬಹುದು. ನಡುವೆ ಕಿವಿ ಸೋರುವುದೂ ಉಂಟು.

ಇನ್ನೊಂದು ದಾರಿ ಅಡೆನಾಯ್ಡ್ ತೆಗೆಯುವುದು. ಟಾನ್ಸಿಲ್‌ನಂಥ ಈ ಅಂಗಾಂಶದ ಗಂಟು ಇರುವುದು ಮೂಗಿನ ಹಿಂದೆ, ಕಿವಿಗೆ ಗಾಳಿ ಒಯ್ಯುವ ನಾಳದ ಬಾಯಿಯ ಪಕ್ಕದಲ್ಲೇ. ಅಲ್ಲಿ ಬೀಡುಬಿಟ್ಟ ಸೋಂಕೂ ಕಿವಿಗೆ ಕಾಟ ಕೊಡುತ್ತದೆ. ಹಾಗಾಗಿ ಅದು ಸಣ್ಣದಿದ್ದರೂ ತೆಗೆದರೆ ಲಾಭವಾಗಬಹುದು. ಅಮೆರಿಕದ 2016ರ ಮಾರ್ಗಸೂಚಿ ಪ್ರಕಾರ 4 ವರ್ಷದೊಳಗಿನವರಿಗೆ ಗ್ರೋಮೆಟ್ ಸಾಕು, ಮೂಗು ಕಟ್ಟುವಂಥ ಬೇರೆ ಕಾರಣವಿಲ್ಲದೆ ಅಡೆನಾಯ್ಡ್ ಮುಟ್ಟಬಾರದು. 4 ತುಂಬಿದವರಿಗೆ ಎರಡರಲ್ಲಿ ಒಂದು, ಇಲ್ಲವೇ ಎರಡೂ. ಸೀಳು ಅಂಗುಳದ ಮಗುವಾದರೆ ಎಚ್ಚರ: ಅಡೆನಾಯ್ಡ್ ತೆಗೆದ ಮೇಲೆ ಮಾತು ಮೂಗಿನಲ್ಲಿ ಬರಬಹುದು.

ನನ್ನ ಒಲವು ಕೇಳಿದರೆ, 5 ವರ್ಷದ ಮಗು ಬಾಯಿ ತೆರೆದು ಗೊರಕೆ ಹೊಡೆಯುತ್ತಾ, ಎರಡನೇ ಸಲ ಗ್ರೋಮೆಟ್‌ಗೆ ಬಂದಿದ್ದರೆ ಒಂದೇ ಅರಿವಳಿಕೆಯಲ್ಲಿ ಎರಡನ್ನೂ ಮುಗಿಸುವುದು.