ಕೊಳೆತ ಡೆಕ್ಕಿಗೆ ವೆಸ್ಟ್ ಸಿಸ್ಟಮ್ ಎಪಾಕ್ಸಿ: ಬಳಸಿ ನೋಡಿದ ಮೇಲೆ

ಮಿಶಿಗನ್ನಿನಲ್ಲಿರುವ ನನ್ನ 22 ಅಡಿಯ ಹಳೆಯ ಹಾಯಿದೋಣಿಯ ಡೆಕ್ಕು (ಮೇಲೆ ಓಡಾಡುವ ನೆಲ) ಎಡಬದಿಯಲ್ಲಿ ಕಾಲಿಟ್ಟರೆ ಜಗ್ಗುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ ‘ಟಕ್’ ಎಂದು ಕೇಳುತ್ತಿದ್ದ ಸದ್ದು ಅಂಚಿನ ಕಂಬಿಯ ಗೂಟದ ಬಳಿ ಬರುತ್ತಲೇ ‘ದಪ್’ ಎಂದು ಅಡಗುತ್ತಿತ್ತು. ಇಂಥ ಡೆಕ್ಕುಗಳಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರದ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಗೂಟದ ಬೋಲ್ಟಿನ ಸುತ್ತಲಿನ ಸೀಲು ಒಣಗಿ ಬಿರಿದರೆ ನೀರು ಒಳಗಿಳಿದು, ಹೊರಗೆ ಏನೂ ಕಾಣಿಸದಂತೆ ಮರವನ್ನು ಕೊಳೆಸುತ್ತದೆ. ಮೇಲಿನ ಪದರವನ್ನು ಕತ್ತರಿಸಿ ಎತ್ತಿದಾಗ ಒಳಗಿದ್ದದ್ದು ಮರವಾಗಿರಲಿಲ್ಲ; ಹಿಂಡಿದರೆ ಬೆರಳ ಸಂದಿಯಿಂದ ನೀರಿಳಿಯುವ, ಕಪ್ಪಗಿನ ಗೊಬ್ಬರದಂಥ ಪುಡಿ.

ಈ ದುರಸ್ತಿಗೆ ನಾನು ಆರಿಸಿಕೊಂಡದ್ದು ವೆಸ್ಟ್ ಸಿಸ್ಟಮ್ ಎಪಾಕ್ಸಿ, ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು. ಇದನ್ನು ತಯಾರಿಸುವ ಗೂಜನ್ ಬ್ರದರ್ಸ್ ಇದೇ ರಾಜ್ಯದ ಬೇ ಸಿಟಿಯ ಕಂಪನಿ. ಹಿಮದೋಣಿಗಳನ್ನು (ಹೆಪ್ಪುಗಟ್ಟಿದ ನೀರಿನ ಮೇಲೆ ಹಾಯಿಯಿಂದ ಜಾರುವ ದೋಣಿಗಳು) ಕಟ್ಟುತ್ತಿದ್ದ ಸಹೋದರರು 1969ರಲ್ಲಿ ಈ ಕಂಪನಿಯನ್ನು ಆರಂಭಿಸಿದರು. ಇಂಥದ್ದೇ ಇನ್ನೊಂದು ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್ ಎಪಾಕ್ಸಿಗಿಂತ ಅಗ್ಗವೆಂಬುದು ನಿಜ, ಆದರೆ ಹಳೆಯ ಫೈಬರ್‌ಗ್ಲಾಸಿಗೂ ಹೊಸ ಮರಕ್ಕೂ ಎಪಾಕ್ಸಿ ಕಚ್ಚುವ ಹಾಗೆ ಅದು ಕಚ್ಚುವುದಿಲ್ಲ. ಮನುಷ್ಯರು ಓಡಾಡುವ ಜಾಗದಲ್ಲಿ ಆ ಉಳಿತಾಯಕ್ಕೆ ಆಸೆಪಡಬಾರದು ಎಂಬುದು ನನ್ನ ಅಭಿಪ್ರಾಯ.

ಹವ್ಯಾಸಿಗೆ ಇದರಲ್ಲಿ ಹೆಚ್ಚು ನೆರವಾಗುವುದು ಅಳತೆಯ ವ್ಯವಸ್ಥೆ. 105 ಎಂಬ ರೆಸಿನ್ನಿಗೆ (ಮೂಲ ದ್ರವ) 205 ಅಥವಾ 206 ಎಂಬ ಹಾರ್ಡನರನ್ನು (ಗಟ್ಟಿಗೊಳಿಸುವ ದ್ರವ) 5ಕ್ಕೆ 1ರ ಪ್ರಮಾಣದಲ್ಲಿ ಬೆರೆಸಬೇಕು. ಈ ಪ್ರಮಾಣಕ್ಕೆಂದೇ ಅಳತೆ ಮಾಡಿದ ಕಂಪನಿಯ ಪಂಪುಗಳನ್ನು ಡಬ್ಬಿಗೆ ತೊಡಿಸಿದರೆ ರೆಸಿನ್ ಒಂದು ಒತ್ತು, ಹಾರ್ಡನರ್ ಒಂದು ಒತ್ತು, ಅಷ್ಟಕ್ಕೇ ಪ್ರಮಾಣ ಸರಿಯಾಗುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಒಂದಿಷ್ಟು ಹೆಚ್ಚಿಗೆ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ. ವೇಗ ಬೇಕಿದ್ದರೆ ಬದಲಿಸಬೇಕಾದದ್ದು ಹಾರ್ಡನರನ್ನೇ ಹೊರತು ಅಳತೆಯನ್ನಲ್ಲ. 22 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 205 ಬೆರೆಸಿದ ಎಪಾಕ್ಸಿ ಕಪ್ಪಿನಲ್ಲಿ 9ರಿಂದ 12 ನಿಮಿಷ ಮಾತ್ರ ಕೆಲಸಕ್ಕೆ ಒದಗುತ್ತದೆ, 206 ಆದರೆ 20ರಿಂದ 25 ನಿಮಿಷ. ಏಪ್ರಿಲ್ಲಿನ ಚಳಿಯಲ್ಲಿ 206 ಕೆಲಸಕ್ಕೆ ಬಾರದು, ಅದಕ್ಕೆ 16 ಡಿಗ್ರಿಯಾದರೂ ಬೇಕು. ಹಾಗಾಗಿ ನಾನು 205ನ್ನೇ ಬಳಸಿದೆ. ಒಮ್ಮೆ ಕಿರಿದಾದ ಕಪ್ಪಿನಲ್ಲಿ ಹೆಚ್ಚಿಗೆ ಬೆರೆಸಿಟ್ಟು ಗ್ಲಾಸ್ ಬಟ್ಟೆ (ಗಾಜಿನ ಎಳೆಗಳ ಬಟ್ಟೆ) ಕತ್ತರಿಸಲು ಹೋದೆ. ಮರಳಿ ಬರುವಷ್ಟರಲ್ಲಿ ಕಪ್ಪು ಮುಟ್ಟಲಾಗದಷ್ಟು ಕಾದು ಹೊಗೆಯಾಡುತ್ತಿತ್ತು. ಅಂದಿನಿಂದ ಬೆರೆಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಳ್ಳುತ್ತೇನೆ, ಗಟ್ಟಿಯಾಗುವಾಗ ಹುಟ್ಟುವ ಶಾಖ ಹರಡಿಹೋಗುತ್ತದೆ.

ಕೆಲಸದ ಕ್ರಮದಲ್ಲಿ ಅವಸರಕ್ಕೆ ಜಾಗವಿಲ್ಲ. ಡೆಕ್ಕಿಗೆ ಸಣ್ಣ ತೂತುಗಳನ್ನು ಕೊರೆದು ಸಿರಿಂಜಿನಿಂದ ಎಪಾಕ್ಸಿ ತುಂಬಿಸುವ ಸುಲಭದ ದಾರಿಯನ್ನು ಹಲವರು ಹೇಳುತ್ತಾರೆ, ಆದರೆ ನೀರು ಕುಡಿದ ಮರದೊಳಕ್ಕೆ ಎಪಾಕ್ಸಿ ಇಳಿಯುವುದೇ ಇಲ್ಲ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ಕೆರೆದು ತೆಗೆದು, ಗುಳಿಯನ್ನು ಹಲವು ದಿನ ಒಣಗಿಸಿದ ಮೇಲೆ, ಮೊದಲು ಪುಡಿ ಕಲಸದ ತೆಳುವಾದ ಎಪಾಕ್ಸಿಯನ್ನು ಕೆಳಪದರಕ್ಕೂ ಹೊಸ ಬಾಲ್ಸಾಕ್ಕೂ ಕುಡಿಸಿ, ಅನಂತರ 406 ಎಂಬ ಬಿಳಿಯ ಸಿಲಿಕಾ ಪುಡಿ ಕಲಸಿದ ಎಪಾಕ್ಸಿಯ ಮೇಲೆ ಮರವನ್ನು ಒತ್ತಿ ಕೂರಿಸಬೇಕು. ಕಂಪನಿಯ ಕೈಪಿಡಿ ಈ ಹದಗಳನ್ನು ಕೆಚಪ್, ಮೇಯೊನೀಸ್, ಶೇಂಗಾ ಬೆಣ್ಣೆ ಎಂದು ವಿವರಿಸುತ್ತದೆ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಮರ ಕೂರಿಸಲು ಉದ್ದಿನ ವಡೆಯ ಹಿಟ್ಟಿನ ಹದ ಸರಿ. ಚಮಚ ಎತ್ತಿದರೆ ಮೊನೆ ನಿಲ್ಲಬೇಕು, ಜಾರಬಾರದು. ಕತ್ತರಿಸಿ ತೆಗೆದ ಮೇಲ್ಪದರವನ್ನು ಮತ್ತೆ ಅಂಟಿಸಿ, ಕತ್ತರಿಸಿದ ಗೆರೆಯ ಎರಡೂ ಬದಿಯನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಅದರ ಮೇಲೆ ಗ್ಲಾಸ್ ಬಟ್ಟೆ ಹಾಕಿದೆ. ನನ್ನ ಡೆಕ್ಕಿನ ಪದರ 3 ಮಿಲಿಮೀಟರ್ ದಪ್ಪವಿದ್ದುದರಿಂದ ಪ್ರತಿ ಬದಿಗೆ 36 ಮಿಲಿಮೀಟರ್ ಬೇಕಾಯಿತು. ಈ ಉಜ್ಜುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿತು.

ಕೊರತೆಗಳನ್ನೂ ಹೇಳಬೇಕು. ಗಟ್ಟಿಯಾದ ಮೇಲ್ಮೈ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೊಳೆಯದೆ ಉಪ್ಪುಕಾಗದ ಹಿಡಿದರೆ ಕಾಗದ ಕಟ್ಟಿಕೊಳ್ಳುತ್ತದೆ, ಮುಂದಿನ ಪದರವೂ ಕಚ್ಚುವುದಿಲ್ಲ. ಬಿಸಿಲನ್ನು ಎಪಾಕ್ಸಿ ತಾಳುವುದಿಲ್ಲವಾದ್ದರಿಂದ ಮೇಲೆ ಬಣ್ಣ ಬಳಿಯಲೇಬೇಕು. ಚರ್ಮಕ್ಕೆ ಪದೇಪದೇ ತಾಗಿದರೆ ಅಲರ್ಜಿ ಹುಟ್ಟುವ ಅಪಾಯವಿರುವುದರಿಂದ ಕೈಗವಸನ್ನೂ, ಉಜ್ಜುವಾಗ ಮಾಸ್ಕನ್ನೂ ಒಂದು ದಿನವೂ ತಪ್ಪಿಸಬೇಡಿ.

ಗೂಟವನ್ನು ಮತ್ತೆ ಕೂರಿಸುವಾಗ ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, 404 ಎಂಬ ಇನ್ನೊಂದು ದಟ್ಟ ಪುಡಿ ಕಲಸಿದ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಕೊರೆದೆ. ಇನ್ನು ಸೀಲು ಬಿರಿದರೂ ನೀರು ಮರಕ್ಕೆ ತಲುಪದು. ಮೊದಲ ಬಾರಿಗೆ ಕೈಹಾಕುವವರು ಸಣ್ಣ ಅಳತೆಯ ರೆಸಿನ್ ಡಬ್ಬಿಯನ್ನು ಪಂಪುಗಳ ಸಮೇತ ಕೊಂಡು, ಇಂಥ ಒಂದು ಬೋಲ್ಟಿನ ತೂತಿನಿಂದಲೇ ಆರಂಭಿಸುವುದು ಒಳ್ಳೆಯದು.